ಭೋಗಿ ಊಟಕ್ಕೆ ಸೈಕಲ್ ಮೇಲೆ
(ಮಹಿಳಾ ವಿಭಾಗದ ಸಂಕ್ರಾಂತಿ ಕೂಟದಲ್ಲಿ ಆಡಿದ ಮಾತು)

ಸೈಕಲ್ ಬಳಗದ ಪರವಾಗಿ ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಅಷ್ಟರಲ್ಲೇ ಮುಗಿಸುತ್ತೇನೆ.

ಪ್ರತಿ ಜನವರಿಯಲ್ಲಿ ನಮ್ಮ ಬಳಗ ಪುಣೆಯಿಂದ ಖಡಕವಾಸ್ಲಾ ಅಣೆಕಟ್ಟಿನ ದಾರಿ ಹಿಡಿದು ಸಿಂಹಗಡದ ಬುಡಕ್ಕೆ ಹೋಗುತ್ತದೆ. ಗಡ ಹತ್ತುವುದಿಲ್ಲ, ಬುಡದಲ್ಲೇ ಭೋಗಿ ಊಟ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆ, ಅವರೆ, ಗಜ್ಜರಿ, ಹಸಿ ಕಡಲೆ ಹಾಕಿದ ಪಲ್ಯ, ಶೇಂಗಾ ಚಟ್ನಿ, ಮೇಲೆ ಬೆಣ್ಣೆ. ಸುಟ್ಟ ಎಳೆ ಜೋಳವನ್ನು ಇಲ್ಲಿಯವರು ಹುರಡಾ ಅಂದರೆ, ನಮ್ಮ ವಿಜಯಪುರದ ಕಡೆಯವರು ಸೀತನಿ ಅನ್ನುತ್ತಾರೆ. ಹೆಸರು ಎರಡಾದರೂ ರುಚಿ ಒಂದೇ.

ಆದರೆ ಹೋದ ವರ್ಷ ಹೆಸರು ಕೊಟ್ಟ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಸೈಕಲ್ ಹತ್ತಲೇ ಇಲ್ಲ. ಕಾರಣ ಕೇಳಿದರೆ, "ರೊಟ್ಟಿ ಬಡೀಬೇಕಿತ್ತಲ್ರೀ!" ಗಂಡಸರು ಸೈಕಲ್ ತುಳಿದು ಬಂದರು, ಹೆಂಗಸರು ಡಬ್ಬಿ ಹಿಡಿದು ಕಾರಿನಲ್ಲಿ ಬಂದು ಬಡಿಸಿದರು.

ಈ ಸಲ ನಿಯಮ ಬದಲಾಯಿಸಿದೆವು. ರೊಟ್ಟಿಯನ್ನು ಹೊರಗೆ ಹೇಳಿ ಮಾಡಿಸಿದೆವು, ತಲೆಗಿಷ್ಟು ಎಂದು ವಂತಿಗೆ ಹಾಕಿದೆವು. ತರಕಾರಿ ಹೆಚ್ಚುವ ಕೆಲಸ ಹಿಂದಿನ ಸಂಜೆ ಗಂಡಸರದ್ದು. ಕಾರಿನಲ್ಲಿ ಬಂದವರು ಬಡಿಸುವುದು, ಸೈಕಲ್ ತುಳಿದವರು ಉಣ್ಣುವುದು. ನಮ್ಮ 62 ವರ್ಷದ ಹಿರಿಯಕ್ಕ ಒಬ್ಬರು ಎಲೆ ಮುಂದೆ ಕೂತು, "ಬಡಿಸೋಕೆ ಎಷ್ಟೋ ಕಡೆ ಹೋಗೀನಿ, ಉಣ್ಣಾಕ ಬಂದದ್ದು ಇದೇ ಮೊದಲು" ಅಂದರು. ನಗುತ್ತಲೇ ಅಂದರು. ನಮಗೆ ಮಾತ್ರ ತಕ್ಷಣ ನಗು ಬರಲಿಲ್ಲ.

ಸೈಕಲ್ಲಿಗೂ ಹೆಣ್ಣಿಗೂ ಇರುವ ನಂಟು ಹೊಸದಲ್ಲ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಹಳ್ಳಿಯ ಸಾವಿರಾರು ಹೆಂಗಸರು ಬಸ್ಸಿಗೆ, ಅಣ್ಣನಿಗೆ, ಗಂಡನಿಗೆ ಕಾಯದೆ ಸಂತೆಗೆ, ಕೆಲಸಕ್ಕೆ ಹೊರಟರು. ಕರ್ನಾಟಕದಲ್ಲೂ 2006–07ರಿಂದ ಸರ್ಕಾರಿ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಸಿಕ್ಕಿತು. ಅಲ್ಲೆಲ್ಲ ಸೈಕಲ್ ಅಂದರೆ ಬರೀ ವ್ಯಾಯಾಮವಲ್ಲ, ತನ್ನ ಹೊತ್ತು ತನ್ನ ಕೈಯಲ್ಲಿರುವುದು. ನಮಗೂ ಒಂದು ಭಾನುವಾರದ ಮಟ್ಟಿಗೆ ಬೇಕಾದದ್ದು ಅದೇ.

ಬರುವ ಮನಸ್ಸಿರುವವರಿಗೆ ನಾಲ್ಕು ಮಾತು. ಪುಣೆಯ ಚಳಿಗೆ ಒಂದೇ ದಪ್ಪ ಸ್ವೆಟರ್ ಬೇಡ; ತೆಳುವಾದ ಎರಡು ಬಟ್ಟೆ ಹಾಕಿ, ಬಿಸಿಲೇರಿದಾಗ ಒಂದನ್ನು ತೆಗೆಯಬಹುದು. ಮಬ್ಬುಗತ್ತಲಿಗೆ ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್ ಕಡ್ಡಾಯ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗುವಷ್ಟು ಸೀಟು ಎತ್ತರವಿರಲಿ, ಮಂಡಿ ನೋಯುವುದಿಲ್ಲ. ದುಪಟ್ಟಾ, ಸೆರಗು ಚಕ್ರಕ್ಕೆ ಸಿಗದಂತೆ ಕಟ್ಟಿಕೊಳ್ಳಿ. ಹಬ್ಬದೂಟ ಉಂಡ ಮೇಲೆ ತುಳಿಯಲು ಆಗದವರ ಸೈಕಲ್ ತರಲು ಟೆಂಪೋ ಇರುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಸೈಕಲ್ ಬಾರದವರಿಗೆ ಮುಂದಿನ ತಿಂಗಳಿಂದ ಶನಿವಾರ ಸಂಜೆ ಸಂಘದ ಅಂಗಳದಲ್ಲೇ ಕಲಿಸುತ್ತೇವೆ. ವಯಸ್ಸು ಕೇಳುವುದಿಲ್ಲ. ಹೆಸರು ಬರೆಸುವಾಗ ಒಂದೇ ಪ್ರಶ್ನೆ ಕೇಳುತ್ತೇವೆ: ಆ ಭಾನುವಾರ ನಿಮ್ಮ ಮನೆಯಲ್ಲಿ ಬೆಳಗಿನ ಚಹಾ ಮಾಡುವವರು ಯಾರು? ಉತ್ತರ ಸಿದ್ಧ ಮಾಡಿಕೊಂಡು ಬನ್ನಿ.