ಇದು ತಾಯಿಯ ತಪ್ಪಲ್ಲ



ಇವತ್ತು ನಾವೆಲ್ಲ ಸೇರಿ ಒಂದು ತರದ ಮಕ್ಕಳ ವಿಷಯ ಮಾತಾಡೋಣ.

ಮಗು ಮೈಕೈ ತುಂಬಿಕೊಂಡಿದೆ. ಕಿವಿ ಕೇಳುತ್ತೆ. ಆದರೆ ಹೆಸರು ಹಿಡಿದು ಕರೆದರೆ ತಿರುಗೋದಿಲ್ಲ. ಮುಖ ಕೊಟ್ಟು ನೋಡೋದಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸೋದಿಲ್ಲ. ಮಾತು ತಡ. ಆಟದ ಗಾಡಿಯ ಚಕ್ರವನ್ನು ತಿರುಗಿಸುತ್ತಲೇ ಕೂರುತ್ತೆ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಅಳುತ್ತೆ. ಇದಕ್ಕೆ ಆಟಿಸಂ ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಸ್ವಲೀನತೆ. ಒಂದು ಮಗುವಿನ ಹಾಗೆ ಇನ್ನೊಂದು ಇರೋದಿಲ್ಲ.

ಇಂಥ ಮಗು ಇದ್ದರೆ ಜನ ಏನಂತಾರೆ? "ತಾಯಿ ಸರಿಯಾಗಿ ನೋಡಿಕೊಳ್ಳಲಿಲ್ಲ." "ಗ್ರಹಣದಲ್ಲಿ ಹೊರಗೆ ಬಂದಳು."

ಓದದ ಜನ ಮಾತ್ರ ಹೀಗೆ ಅಂತಾರೆ ಅಂದುಕೋಬೇಡಿ. ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ಡಾಕ್ಟರು 1943ರಲ್ಲಿ ಇಂಥ 11 ಮಕ್ಕಳ ಬಗ್ಗೆ ಬರೆದರು. ಆಮೇಲೆ ಅಲ್ಲಿನ ದೊಡ್ಡ ದೊಡ್ಡ ಡಾಕ್ಟರುಗಳೇ, "ತಾಯಿಗೆ ಪ್ರೀತಿ ಸಾಲದು, ಅದಕ್ಕೇ ಮಗು ಹೀಗೆ" ಅಂದರು! ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬುವರ ಮಗನಿಗೂ ಆಟಿಸಂ ಇತ್ತು. ಆ ತಂದೆ ಈ ಮಾತನ್ನು ಒಪ್ಪಲಿಲ್ಲ. ಓದಿ ತಿಳಿದುಕೊಂಡರು. 1964ರಲ್ಲಿ ಪುಸ್ತಕವನ್ನೇ ಬರೆದರು. ತಾಯಿಯ ತಪ್ಪಲ್ಲ, ಇದು ಮಿದುಳಿಗೆ ಸಂಬಂಧಿಸಿದ್ದು ಎಂದರು. ಇವತ್ತು ವಿಜ್ಞಾನವೂ ಅದನ್ನೇ ಹೇಳುತ್ತದೆ. ಲಸಿಕೆಯಿಂದಲೂ ಆಟಿಸಂ ಬರೋದಿಲ್ಲ. ಲಸಿಕೆ ತಪ್ಪಿಸಬೇಡಿ.

ಹಾಗಾದರೆ ಏನು ಮಾಡಬೇಕು? ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ತಾಯತ, ಮಂತ್ರ ಅಂತ ದುಡ್ಡು ಕಳೆಯಬೇಡಿ. ಎಷ್ಟು ಬೇಗ ಕಲಿಸಲು ಶುರು ಮಾಡಿದರೆ ಅಷ್ಟು ಒಳ್ಳೇದು. ಅನುಮಾನ ಬಂದರೆ ಅಂಗನವಾಡಿ ಟೀಚರಿಗೆ ಹೇಳಿ. ಜಿಲ್ಲಾ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕೂಡ ನೋಡುತ್ತಾರೆ.

ಶಾಲೆಯಲ್ಲಿ ಕಲಿಸೋದು ನಮ್ಮ ಕೆಲಸ. ಆದರೆ ಮಗುವಿಗೆ ಮೊದಲ ಟೀಚರು ನೀವೇ. ಅದರ ಎದುರಿಗೆ ಕೂರಿ. ಲೋಟ ತೋರಿಸಿ "ನೀರು" ಅನ್ನಿ. ಸ್ವಲ್ಪ ಕಾಯಿರಿ. ಸ್ನಾನ, ಊಟ, ನಿದ್ದೆ ದಿನಾ ಒಂದೇ ಹೊತ್ತಿಗೆ ಇರಲಿ. ಅತ್ತರೆ ಹೊಡೆಯಬೇಡಿ. ಅದು ಹಠ ಅಲ್ಲದಿರಬಹುದು. ಸದ್ದು ತಡೆಯಲಾರದೆ ಅಳುತ್ತಿರಬಹುದು.

2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ಅದರಲ್ಲಿ 21 ಬಗೆಯ ಅಂಗವಿಕಲತೆಗಳ ಪಟ್ಟಿ ಇದೆ. ಆಟಿಸಂ ಕೂಡ ಆ ಪಟ್ಟಿಯಲ್ಲಿದೆ. ಸರ್ಕಾರಿ ಶಾಲೆಯಾಗಲಿ, ಮಾನ್ಯತೆ ಪಡೆದ ಶಾಲೆಯಾಗಲಿ "ಈ ಮಗು ಬೇಡ" ಅನ್ನುವಂತಿಲ್ಲ. ಅರ್ಜಿ ಹಾಕಿ, ತಪಾಸಣೆ ಮಾಡಿಸಿ, ಯು.ಡಿ.ಐ.ಡಿ. ಕಾರ್ಡು ಮಾಡಿಸಿಕೊಳ್ಳಿ.

ನಿಮ್ಮ ಬೀದಿಯಲ್ಲಿ ಇಂಥ ಮಗುವಿನ ತಾಯಿ ಇದ್ದಾಳೆಯೆ? ಒಂದು ಗಂಟೆ ಮಗುವನ್ನು ನೀವು ನೋಡಿಕೊಳ್ಳಿ. ಆಕೆ ನೆಮ್ಮದಿಯಾಗಿ ಊಟ ಮಾಡಲಿ. ಮದುವೆಗೆ, ಜಾತ್ರೆಗೆ ಮಗು ಸಮೇತ ಕರೆಯಿರಿ. ಯಾರಾದರೂ ಆಕೆಯನ್ನು ದೂರಿದರೆ ಸುಮ್ಮನಿರಬೇಡಿ. ಈಗ ನಿಮಗೆ ಓದು ಬರುತ್ತೆ. ಈ ಪುಟ ತೆಗೆದು ಅವರಿಗೆ ಗಟ್ಟಿಯಾಗಿ ಓದಿ ಹೇಳಿ.