ಕಾರ್ಡಲ್ಲಿ ನನ್ನ ಸಹಿ, ಮೀಟರಲ್ಲಿ ಕೆಂಪು ಮುಳ್ಳು

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮಗೊಂದು ಪ್ರಶ್ನೆ. ನಿಮ್ಮ ಆಫೀಸಿನ ಗೋಡೆ ಮೇಲಿರೋ ಕೆಂಪು ಸಿಲಿಂಡರನ್ನ, ಅದೇ ಬೆಂಕಿ ನಂದಿಸೋ ಸಿಲಿಂಡರನ್ನ, ಯಾವತ್ತಾದರೂ ಹತ್ತಿರ ಹೋಗಿ ನೋಡಿದ್ದೀರಾ? ಅದಕ್ಕೊಂದು ಕಾರ್ಡ್ ಕಟ್ಟಿರುತ್ತೆ. ತಪಾಸಣೆಯ ತಾರೀಖು, ಪಕ್ಕದಲ್ಲಿ ಒಂದು ಸಹಿ. ನನ್ನ ಮೊದಲ ಕೆಲಸದಲ್ಲಿ ಆ ಸಹಿ ನಂದು.

ಬೆಂಗಳೂರಿನ ಒಂದು ಕಟ್ಟಡದ ಮೇಂಟೆನೆನ್ಸ್ ಕೆಲಸ. ಆರು ಮಹಡಿ, 24 ಸಿಲಿಂಡರ್. ತಿಂಗಳಿಗೊಮ್ಮೆ ಒಂದೊಂದರ ಮುಂದೆಯೂ ನಿಂತು ನೋಡಬೇಕು. ಮೀಟರ್ ಮುಳ್ಳು ಹಸಿರಲ್ಲಿದೆಯಾ, ಪಿನ್ನಿನ ಸೀಲ್ ಸರಿಯಿದೆಯಾ, ಪೈಪ್ ಬಿರುಕು ಬಿಟ್ಟಿದೆಯಾ? ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಮೀಟರ್ ಇರಲ್ಲ, ತೂಕ ಹಾಕಿಯೇ ತಿಳೀಬೇಕು. ಮೊದಲೆರಡು ತಿಂಗಳು ಎಲ್ಲಾ ಸರಿಯಾಗಿ ಮಾಡಿದೆ. ಆಮೇಲೆ ಸೀನಿಯರ್ ಒಬ್ಬರು, "ಅದನ್ನೇನು ನೋಡ್ತಾ ನಿಲ್ತೀಯ ಗುರು, ಸಹಿ ಗೀಚ್ಕೊಂಡು ಬಾ" ಅಂದ್ರು. ಮೂರು ಗಂಟೆ ಕೆಲಸ ಇಪ್ಪತ್ತು ನಿಮಿಷಕ್ಕೆ ಮುಗೀತು. ನನಗೂ ಖುಷಿಯೇ ಆಯ್ತು.

ಮೂರು ತಿಂಗಳು ಹೀಗೇ ನಡೀತು. ಒಂದು ದಿನ ನಾಲ್ಕನೇ ಮಹಡಿ ಸ್ವಚ್ಛ ಮಾಡೋ ಅಮ್ಮ ಕೇಳಿದ್ರು: "ಸಾರ್, ಪ್ಯಾಂಟ್ರಿ ಹತ್ರ ಇರೋದ್ರಲ್ಲಿ ಮುಳ್ಳು ಕೆಂಪಲ್ಲೈತಲ್ಲ, ಪರವಾಗಿಲ್ವಾ?"

ಹೋಗಿ ನೋಡಿದೆ. ಮುಳ್ಳು ಪೂರ್ತಿ ಕೆಳಗೆ ಬಿದ್ದಿತ್ತು. ಒಳಗೆ ಒತ್ತಡ ಇಲ್ಲದಿದ್ರೆ ಹಿಡಿ ಅದುಮಿದರೂ ಪುಡಿ ಹೊರಗೆ ಬರಲ್ಲ. ಕಾರ್ಡಲ್ಲಿ ಹಿಂದಿನ ವಾರದ ನನ್ನ ಸಹಿ. ಆ ಅಮ್ಮ ದಿನಾ ಕೆಲಸ ಮಾಡೋ ಜಾಗ ಅದು.

ಆ ಒಂದನ್ನ ಸದ್ದಿಲ್ಲದೆ ರೀಫಿಲ್ ಮಾಡಿಸಿಬಿಡೋಣ ಅನ್ನಿಸ್ತು. ಆದ್ರೆ ಉಳಿದ 23ರ ಗತಿ? ರಾತ್ರಿ ಮೂರು ಸಲ ಬರೆದು ಅಳಿಸಿ, ಕೊನೆಗೆ ಮ್ಯಾನೇಜರಿಗೆ ಮೇಲ್ ಕಳಿಸಿದೆ: ಮೂರು ತಿಂಗಳ ನನ್ನ ಸಹಿಗಳನ್ನ ನಂಬಬೇಡಿ, ನೋಡದೇ ಹಾಕಿದ್ದು. ಸೀನಿಯರ್ ಹೆಸರು ಬರೀಲಿಲ್ಲ, ಪೆನ್ನು ಹಿಡಿದಿದ್ದು ನನ್ನ ಕೈ ತಾನೇ. ಮತ್ತೆ ತಪಾಸಣೆ ಆಯ್ತು, ಇನ್ನೂ ಎರಡು ಸಿಲಿಂಡರ್ ಕೆಟ್ಟಿದ್ವು. ನನಗೆ ವಾರ್ನಿಂಗ್ ಲೆಟರ್ ಬಂತು, ಆ ವರ್ಷದ ಹೈಕ್ ಹೋಯ್ತು. ನಿಜ ಹೇಳಿದ್ದಕ್ಕೆ ಪ್ರಮೋಷನ್ ಸಿಕ್ಕ ಕಥೆ ಇದಲ್ಲ.

ಆಗ ನನಗೆ ನೆನಪಾಗ್ತಿದ್ದವರು ಷಣ್ಮುಗಂ ಮಂಜುನಾಥ್. ನಮ್ಮ ಕೆಜಿಎಫ್‌ನವರು. ಮೈಸೂರಲ್ಲಿ ಇಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ ಓದಿ, ಇಂಡಿಯನ್ ಆಯಿಲ್ ಅಧಿಕಾರಿಯಾಗಿದ್ರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಇಂಧನ ಮಾರ್ತಿದ್ದ ಬಂಕಿನ ಮೇಲೆ ಕ್ರಮ ತಗೊಂಡಿದ್ದಕ್ಕೆ 2005ರ ನವೆಂಬರ್ 19ರಂದು ಅವರನ್ನ ಕೊಂದ್ರು. ವಯಸ್ಸು ಬರೀ 27. ಅವರೂ ನೋಡಿಯೂ ನೋಡದ ಹಾಗೆ ಸಹಿ ಹಾಕಿ ಬರಬಹುದಿತ್ತು.

ಅವರ ಹೆಸರಿನ ಜೊತೆ ನನ್ನ ಕಥೆ ಇಡೋದಕ್ಕೇ ಸಂಕೋಚ. ಅವರಿಗೆ ಪ್ರಾಣದ ಪ್ರಶ್ನೆ, ನನಗೆ ಎರಡೂವರೆ ಗಂಟೆ ಉಳಿಸೋ ಆಸೆ. ನಮ್ಮಲ್ಲಿ ಹೆಚ್ಚಿನವರಿಗೆ ಎದುರಾಗೋದು ಇಂಥ ಸಣ್ಣ ಆಸೆಗಳೇ. ಟೆಸ್ಟ್ ಮಾಡದೇ 'ಪಾಸ್' ಅಂತ ಬರೆಯೋದು, ಹೋಗದ ಊರಿಗೆ ಟ್ರಾವೆಲ್ ಬಿಲ್ ಹಾಕೋದು. ಯಾರಿಗೆ ತೊಂದರೆ ಅಂತ ಆ ಕ್ಷಣಕ್ಕೆ ಕಾಣಲ್ಲ. ನನಗೆ ನಾಲ್ಕನೇ ಮಹಡಿಯಲ್ಲಿ ಕಾಣಿಸ್ತು.

ಇವತ್ತು ಆಫೀಸಿಗೆ ಹೋದಾಗ ಆ ಕಾರ್ಡ್ ನೋಡಿ. ಹಾಗೇ ಮುಳ್ಳನ್ನೂ ನೋಡಿ. ಕೆಂಪಲ್ಲಿದ್ರೆ ಯಾರಿಗಾದರೂ ಹೇಳಿ, ಆ ಅಮ್ಮ ನನಗೆ ಹೇಳಿದ ಹಾಗೆ. ಮುಂದಿನ ವಾರ ಸಿಗೋಣ.