ಮೀನು ಕೊಯ್ಯುವ ಮೇಜೇ ಶಿಲ್ಪ

ಇವತ್ತು ಅಮೆರಿಕದ ವಾಯವ್ಯ ಭಾಗದ ಕೊಲಂಬಿಯಾ ನದಿಗೆ ಹೋಗೋಣ. ಅಲ್ಲಿ ಸೆಲೈಲೊ ಅಂತ ಒಂದು ಜಲಪಾತ ಇತ್ತು. ಮೂಲನಿವಾಸಿಗಳು ಸಾವಿರಾರು ವರ್ಷ ಅಲ್ಲಿ ಸಾಲ್ಮನ್ ಮೀನು ಹಿಡಿದರು, ವ್ಯಾಪಾರ ನಡೆಸಿದರು. 1957ರ ಮಾರ್ಚ್ 10ರಂದು ದಿ ಡ್ಯಾಲ್ಸ್ ಅಣೆಕಟ್ಟಿನ ಗೇಟು ಮುಚ್ಚಿದರು. ಕೆಲವೇ ಗಂಟೆಗಳಲ್ಲಿ ಜಲಪಾತ ಮುಳುಗಿತು. ಕರೆಂಟು ಬಂತು, ಭೋರ್ಗರೆತ ನಿಂತಿತು.

ಈ ನದಿಯ ಕಥೆಯನ್ನ ದಡದುದ್ದಕ್ಕೂ ಹೇಳೋಕೆ ಅಲ್ಲಿನ ಬುಡಕಟ್ಟುಗಳ ಜೊತೆ ಸೇರಿದವರು ಕಲಾವಿದೆ ಮಾಯಾ ಲಿನ್. ವಾಷಿಂಗ್ಟನ್‌ನ ವಿಯೆಟ್ನಾಂ ಯುದ್ಧ ಸ್ಮಾರಕ ರೂಪಿಸಿದವರೂ ಇವರೇ. ಜಲಪಾತದಿಂದ ಬಹುದೂರ, ನದಿ ಸಮುದ್ರ ಸೇರುವ ಕೇಪ್ ಡಿಸಪಾಯಿಂಟ್‌ಮೆಂಟ್‌ನಲ್ಲಿ ಅವರು ಮಾಡಿದ್ದೇನು ಗೊತ್ತಾ? ಮೀನು ಕೊಯ್ಯೋ ಮೇಜು! ಬಸಾಲ್ಟ್ ಕಲ್ಲಿನದು. ಅದರ ಮೇಲೆ ಚಿನೂಕ್ ಜನರ ಹುಟ್ಟಿನ ಕಥೆ ಕೆತ್ತಿದೆ. ಆ ಕಥೆಯಲ್ಲೂ ಮೀನು ಕೊಯ್ಯೋದೇ ಮುಖ್ಯ ಘಟನೆ.

ಕೈಕಟ್ಟಿ ದೂರದಿಂದ ನೋಡೋ ಶಿಲ್ಪ ಅಲ್ಲ ಇದು. ಮೀನು ಹಿಡಿದು ತಂದವರು ಅದರ ಮೇಲೇ ಕೊಯ್ದು, ನೀರು ಹುಯ್ದು ತೊಳೀತಾರೆ.

ಶಿಲ್ಪ ಜಲಪಾತವನ್ನ ವಾಪಸ್ ತರಲ್ಲ. ಅಣೆಕಟ್ಟು ಈಗಲೂ ವಿದ್ಯುತ್ ಕೊಡ್ತಿದೆ. ಆದ್ರೆ ಈ ನದಿಯನ್ನ ಮೊದಲು ನಂಬಿ ಬದುಕಿದವರು ಯಾರು ಅನ್ನೋದು, ಚಾಕು ಹಿಡಿದವರ ಕೈಕೆಳಗೇ ಬರೆದಿದೆ.